‘ನಾರ್ಮಲ್’ ರಿಪೋರ್ಟು, ಇಳಿಯದ ಹೊಟ್ಟೆ: ಅಂಡಾಶಯದ ಕ್ಯಾನ್ಸರ್ ನಂತರದ ಒಂದು ಪ್ರಕರಣ

ಅಕ್ಕನಿಗೆ ಈಗ 57. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಮನೆ, ಅಡಿಕೆ ತೋಟ. ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿದು ಒಂದು ವರ್ಷ ದಾಟಿದ ಮೇಲೆ ಅವಳಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಊರಿನ ಡಾಕ್ಟರು ಗ್ಯಾಸ್ ಅಂದರು. ಆಮೇಲೆ ಟೆನ್ಷನ್ ಅಂದರು. ಕೊನೆಗೆ ಸಿಟಿ ಸ್ಕ್ಯಾನ್‌ನಲ್ಲಿ ಕಂಡದ್ದು ಮರಳಿ ಬಂದ ಕ್ಯಾನ್ಸರ್. ಡಾಕ್ಟರು ಅಷ್ಟು ದಿನ ಯಾಕೆ ಕಿವಿಗೆ ಹಾಕಿಕೊಳ್ಳಲಿಲ್ಲ, ಆಮೇಲೆ ಯಾವುದರಿಂದ ಹಾಕಿಕೊಂಡರು ಅನ್ನುವುದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇದೇ ಜಾಗದಲ್ಲಿ ನಿಂತಿರುವ ಇನ್ನೊಂದು ಮನೆಯವರಿಗೆ ಇದು ಬೇಕು. ಅಕ್ಕ ಒಪ್ಪಿದ್ದಾಳೆ. ಊರು, ಆಸ್ಪತ್ರೆ, ಡಾಕ್ಟರು ಯಾರ ಹೆಸರೂ ಬೇಡ ಅಂದಿದ್ದಾಳೆ, ಹಾಗಾಗಿ ಹಾಕಿಲ್ಲ.

ಹಿನ್ನೆಲೆ

ಮೊದಲ ಸಲ ಪತ್ತೆಯಾದಾಗ ಕಾಯಿಲೆ 3ಸಿ ಹಂತದಲ್ಲಿತ್ತು, ಅಂದರೆ ಹೊಟ್ಟೆಯೊಳಗೆ ಹರಡಿತ್ತು. ಬಯಾಪ್ಸಿಯಲ್ಲಿ ಬಂದದ್ದು ಹೈ ಗ್ರೇಡ್ ಸೀರಸ್ ಕಾರ್ಸಿನೋಮ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಜಾಸ್ತಿ ಕಾಣುವ ಬಗೆ ಇದೇ. ಬೆಂಗಳೂರಿನಲ್ಲಿ ಮೊದಲು ಮೂರು ಕೀಮೋ, ನಂತರ ಆಪರೇಷನ್, ಮತ್ತೆ ಮೂರು ಕೀಮೋ ಆಯಿತು. ಔಷಧಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಆಪರೇಷನ್‌ನಲ್ಲಿ ಗರ್ಭಕೋಶ, ಎರಡೂ ಅಂಡಾಶಯ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರ ಎಲ್ಲ ತೆಗೆದರು. ಕೂದಲು ಮತ್ತೆ ಬಂತು. ಕಾಲಿನ ಬೆರಳು ಜೋಮು ಹಿಡಿದಂತಿರುವುದು ಮಾತ್ರ ಉಳಿಯಿತು. ಅದು ಪ್ಯಾಕ್ಲಿಟ್ಯಾಕ್ಸೆಲ್‌ನಿಂದ.

ಸಿಎ-125 ಅನ್ನುವ ರಕ್ತಪರೀಕ್ಷೆ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಕ್ಯಾನ್ಸರ್ ಇದ್ದಾಗ ಸಾಮಾನ್ಯವಾಗಿ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನನ್ನು ಅದು ಅಳೆಯುತ್ತದೆ. 35ಕ್ಕಿಂತ ಕಡಿಮೆ ಇದ್ದರೆ ಲ್ಯಾಬಿನವರು ನಾರ್ಮಲ್ ಅನ್ನುತ್ತಾರೆ. ಅಕ್ಕನಿಗೆ ಮೊದಲು 842 ಇತ್ತು. ಚಿಕಿತ್ಸೆ ಮುಗಿದಾಗ 7ಕ್ಕೆ ಇಳಿದಿತ್ತು.

ಇಷ್ಟು ಮುಂದುವರಿದ ಹಂತದಲ್ಲಿ ಸಿಕ್ಕಿದ ಈ ಕ್ಯಾನ್ಸರ್ ಹೆಚ್ಚಿನವರಲ್ಲಿ ಮರಳಿ ಬರುತ್ತದೆ. ಅದೂ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷದೊಳಗೆ. ಹೇಳಲು ಬೇಜಾರಾಗುತ್ತದೆ, ಆದರೆ ಇದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂತ ಕ್ಯಾನ್ಸರ್ ಡಾಕ್ಟರು ಹೇಳುವುದು ಇದಕ್ಕೇ.

ಅಕ್ಕ ಮೊದಮೊದಲು ತಪ್ಪದೆ ಹೋದಳು. ಆಮೇಲೆ ಅಡಿಕೆ ಕೊಯ್ಲು ಬಂತು, ರಾತ್ರಿ ಬಸ್ಸಿನ ಪ್ರಯಾಣ ಸಾಕಾಯಿತು. ಊರಿನ ಡಾಕ್ಟರು, “ಬ್ಲಡ್ ಟೆಸ್ಟ್ ತಾನೇ, ಇಲ್ಲೇ ಮಾಡಿಸಿದ್ರಾಯ್ತು” ಅಂದರು. ಅವಳ ಬಿಪಿ, ಸಕ್ಕರೆ ಕಾಯಿಲೆ ನೋಡುತ್ತಿದ್ದವರೂ ಅವರೇ. ಮಕ್ಕಳ ಜ್ವರದಿಂದ ಹಿಡಿದು ಮಾವನವರ ಕೊನೆಗಾಲದವರೆಗೆ ಮನೆಯವರಿಗೆಲ್ಲ ಅವರೇ ಡಾಕ್ಟರು. ಹಾಗಾಗಿ ಬೆಂಗಳೂರಿನ ಭೇಟಿ ನಿಂತು, ಊರಿನ ಲ್ಯಾಬಿನ ರಿಪೋರ್ಟ್ ಮಾತ್ರ ಉಳಿಯಿತು.

ಲಕ್ಷಣಗಳು

ಕೀಮೋ ಮುಗಿದು ಹದಿಮೂರನೇ ತಿಂಗಳ ಹೊತ್ತಿಗೆ ಅವಳಿಗೆ ಊಟ ಸೇರದಾಯಿತು. ಹಸಿವಾಗುತ್ತಿತ್ತು, ತಟ್ಟೆ ಮುಂದೆ ಕೂರುತ್ತಿದ್ದಳು, ಒಂದು ಕಡುಬು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿಬಿಡುತ್ತಿತ್ತು. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಸಂಜೆಗೆ ಸೊಂಟದಲ್ಲಿ ಒಂಥರಾ ಭಾರ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ಇದ್ಯಾವುದನ್ನೂ ಅವಳು ಡಾಕ್ಟರಿಗೆ ಹೀಗೆ ಹೇಳಿರಲಿಲ್ಲ. “ಸ್ವಲ್ಪ ಹೊಟ್ಟೆ ಸರಿ ಇಲ್ಲ ಡಾಕ್ಟ್ರೇ” ಅಂದಿದ್ದಳು, ಅಷ್ಟೇ. ನಮ್ಮ ಕಡೆ ಹೆಂಗಸರು ಗಂಡು ಡಾಕ್ಟರ ಮುಂದೆ, ಪಕ್ಕದಲ್ಲಿ ಗಂಡನೂ ನಿಂತಿರುವಾಗ, ಮೂತ್ರದ ಮಾತು ಆಡುವುದು ಕಷ್ಟ ಅಲ್ವಾ.

ಡಾಕ್ಟರು ಗ್ಯಾಸಿಗೆ ಪ್ಯಾಂಟೊಪ್ರಜೋಲ್ ಮಾತ್ರೆ ಕೊಟ್ಟರು, ಒಂದು ಸಿರಪ್ ಕೊಟ್ಟರು. ಕಡಿಮೆ ಆಗದೆ ಮತ್ತೆ ಹೋದಾಗ ಮಾತ್ರೆ ಬದಲಿಸಿದರು. ಇನ್ನೊಮ್ಮೆ ಹೋದಾಗ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಬರೆದರು, ಸಿಎ-125ಕ್ಕೂ ಬರೆದರು. ಎರಡೂ ಕೈಗೆ ಬಂದ ಮೇಲೆ ಭಾವನ ಕಡೆ ತಿರುಗಿ ಹೇಳಿದರಂತೆ: “ಸಿಎ-125 ಇಪ್ಪತ್ತೇಳು, ನಾರ್ಮಲ್. ಸ್ಕ್ಯಾನಿಂಗ್‌ನಲ್ಲಿ ಗ್ಯಾಸ್ ಇದೆ ಅಷ್ಟೇ. ತೂಕಾನೂ ಇಳಿದಿಲ್ಲ. ಕ್ಯಾನ್ಸರ್ ಆಗಿ ಹೋದವರಿಗೆಲ್ಲ ಹೀಗೇ, ಏನಾದ್ರೂ ಅದೇ ಬಂತು ಅಂತ ಭಯ. ಸ್ವಲ್ಪ ವಾಕಿಂಗ್ ಮಾಡ್ಲಿ, ಮನಸ್ಸು ಗಟ್ಟಿ ಮಾಡ್ಕೊಳ್ಳಲಿ.”

ಅಕ್ಕ ಅಲ್ಲೇ ಕೂತಿದ್ದಳು. ಅವಳ ಹೊಟ್ಟೆಯ ಬಗ್ಗೆ, ಅವಳ ಮನಸ್ಸಿನ ಬಗ್ಗೆ, ಅವಳನ್ನು ಬಿಟ್ಟು ಬೇರೆಯವರ ಹತ್ತಿರ ಮಾತು ನಡೆಯಿತು. ಇದನ್ನು ಫೋನಿನಲ್ಲಿ ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಡಾಕ್ಟರು ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು

ಸಿಟ್ಟನ್ನು ಪಕ್ಕಕ್ಕಿಟ್ಟು ನೋಡಿದರೆ ಅವರ ಮಾತಿನಲ್ಲಿ ಅರ್ಥವಿತ್ತು. ಹೊಟ್ಟೆಯ ದೊಡ್ಡ ಆಪರೇಷನ್ ಆದವರಲ್ಲಿ ಉಬ್ಬರ ಸಾಮಾನ್ಯ. ಒಳಗೆ ಗಾಯ ಮಾಯುವಾಗ ಕರುಳು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದರಿಂದಲೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್‌ನಿಂದಲೂ ಹೊಟ್ಟೆ ಕೆಡಬಹುದು. ಉಬ್ಬರ ಬಂತೆಂದರೆ ಕ್ಯಾನ್ಸರ್ ಮರಳಿದೆ ಎಂದು ತೀರ್ಮಾನಿಸಿಬಿಡುವುದೂ ಸರಿಯಲ್ಲ.

ಆದರೆ ಅವರು ಆಧಾರವಾಗಿಟ್ಟುಕೊಂಡ ಮೂರೂ ಮಾತು ಅಕ್ಕನ ಮಟ್ಟಿಗೆ ಸಡಿಲವಾಗಿದ್ದವು.

ಮೊದಲನೆಯದು ಆ 27. ಲ್ಯಾಬಿನ ಕಾಗದದಲ್ಲಿ ಅದು ನಾರ್ಮಲ್, ಯಾಕೆಂದರೆ 35ರ ಕೆಳಗಿದೆ. ಹಳೆಯ ರಿಪೋರ್ಟ್‌ಗಳನ್ನು ತಂದು ಸಾಲಾಗಿ ಬರೆದರೆ ಬೇರೆಯೇ ಕಾಣುತ್ತದೆ: 7, 9, 16, 27. ಪ್ರತಿ ಸಲವೂ ಮೇಲಕ್ಕೆ. ಮರಳಿದೆ ಎಂದು ಕಾಗದದ ಮೇಲೆ ಹೇಳಲು ಕ್ಯಾನ್ಸರ್ ಡಾಕ್ಟರುಗಳು ಇಟ್ಟುಕೊಂಡಿರುವ ಅಳತೆ ಇನ್ನೂ ಮೇಲಿದೆ. ಒಮ್ಮೆ ನಾರ್ಮಲ್‌ಗೆ ಇಳಿದವರಲ್ಲಿ 70 ಮುಟ್ಟಬೇಕು, ಒಂದು ವಾರವಾದರೂ ಬಿಟ್ಟು ಇನ್ನೊಮ್ಮೆ ಮಾಡಿದಾಗಲೂ ಹಾಗೇ ಬರಬೇಕು. ಹಾಗಾಗಿ 27 ಅನ್ನುವುದು ಸಾಕ್ಷಿಯಲ್ಲ. ಆದರೆ ನಾರ್ಮಲ್ ಒಳಗೇ ಏರುತ್ತಾ ಹೋಗುವುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಮುಖ್ಯವಾಗಿ ಜೊತೆಗೆ ಲಕ್ಷಣವೂ ಇದ್ದಾಗ. ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು. ಲ್ಯಾಬ್ ಬದಲಾದರೆ ಅವರು ಬಳಸುವ ಕಿಟ್ ಬದಲಾಗಿ ಅಂಕಿ ಆಚೀಚೆ ಆಗಬಹುದು, ಹೋಲಿಸುವುದು ಕಷ್ಟ.

ಎರಡನೆಯದು ಸ್ಕ್ಯಾನಿಂಗ್. ಚೀಟಿಯಲ್ಲಿ ಬರೆದಿದ್ದದ್ದು “ಹೊಟ್ಟೆ ಉಬ್ಬರ, ಗ್ಯಾಸ್ಟ್ರೈಟಿಸ್ ಇರಬಹುದೇ” ಅಂತ ಮಾತ್ರ. ಅಂಡಾಶಯದ ಕ್ಯಾನ್ಸರ್ ಆಗಿತ್ತು ಅನ್ನುವುದು ಎಲ್ಲೂ ಇರಲಿಲ್ಲ. ಸ್ಕ್ಯಾನಿಂಗ್ ಮಾಡಿದವರು ಲಿವರ್, ಪಿತ್ತಕೋಶ, ಕಿಡ್ನಿ ನೋಡಿ, ಗ್ಯಾಸ್ ಜಾಸ್ತಿ ಇದ್ದದ್ದರಿಂದ ಸರಿಯಾಗಿ ಕಾಣುತ್ತಿಲ್ಲ ಎಂದೂ ಬರೆದಿದ್ದರು. ಆ ಕೊನೆಯ ಸಾಲನ್ನು ಯಾರೂ ಗಮನಿಸಲಿಲ್ಲ. ಈ ಕ್ಯಾನ್ಸರ್ ಮರಳುವುದು ಹೆಚ್ಚಾಗಿ ಹೊಟ್ಟೆಯ ಒಳಪದರದ ಮೇಲೆ, ಸಣ್ಣ ಸಣ್ಣ ಗಂಟುಗಳಾಗಿ. ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಅವು ತಪ್ಪಿಹೋಗುವುದು ಸುಲಭ. ಏನನ್ನು ಹುಡುಕಬೇಕು ಎಂದು ಚೀಟಿಯೇ ಹೇಳದಿದ್ದರೆ ಇನ್ನೂ ಸುಲಭ.

ಮೂರನೆಯದು ತೂಕ. ನನಗೆ ಹೆಚ್ಚು ಕಳವಳ ಆದದ್ದು ಇದರಿಂದ. ಅಕ್ಕನ ತೋಳು ಸಣ್ಣಗಾಗಿತ್ತು, ರವಿಕೆ ಸಡಿಲವಾಗಿತ್ತು, ಕೆನ್ನೆ ಇಳಿದಿತ್ತು. ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಮೈ ಕರಗುತ್ತಾ ಹೊಟ್ಟೆಯೊಳಗೆ ನೀರು ತುಂಬುತ್ತಿದ್ದರೆ ತೂಕದ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಅಳೆಯಬೇಕಾದದ್ದು ಕಿಲೋ ಅಲ್ಲ, ಇಂಚು.

ಒಂದು ಪುಟ

ನಾನು ಊರಿಗೆ ಹೋದ ಮೇಲೆ ಮೊದಲು ಮಾಡಿದ್ದು ದರ್ಜಿಯ ಟೇಪು ಹುಡುಕಿದ್ದು. ಬೆಳಗ್ಗೆ ತಿಂಡಿಗೆ ಮುಂಚೆ, ಹೊಕ್ಕಳ ಮಟ್ಟದಲ್ಲಿ ಅಳತೆ ತೆಗೆದು ಕ್ಯಾಲೆಂಡರ್ ಮೇಲೆ ಬರೆಯುತ್ತಾ ಬಂದೆವು. ಗ್ಯಾಸ್ ಆಗಿದ್ದರೆ ಬೆಳಗ್ಗೆ ಇಳಿದು ಸಂಜೆಗೆ ಉಬ್ಬುತ್ತದೆ, ಒಂದು ದಿನ ಇದ್ದು ಇನ್ನೊಂದು ದಿನ ಇರುವುದಿಲ್ಲ. ಅಕ್ಕನ ಹೊಟ್ಟೆ ಇಳಿಯಲೇ ಇಲ್ಲ. ಎರಡು ವಾರದಲ್ಲಿ 36ರಿಂದ 37.5 ಇಂಚಿಗೆ ಹೋಯಿತು.

ಅದೇ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಣ್ಣ ಗುರುತು ಹಾಕಿದೆವು: ಊಟ ಅರ್ಧಕ್ಕೆ ಬಿಟ್ಟದ್ದು, ರಾತ್ರಿ ಮೂತ್ರಕ್ಕೆ ಎದ್ದದ್ದು, ನೋವು. ಅಮೆರಿಕದ ಬಾರ್ಬರಾ ಗಾಫ್ ಎಂಬ ಡಾಕ್ಟರು ಮತ್ತು ಅವರ ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲಿದೆ. ಹೊಟ್ಟೆ ಅಥವಾ ಕಿಬ್ಬೊಟ್ಟೆ ನೋವು, ಉಬ್ಬರ, ಬೇಗ ಹೊಟ್ಟೆ ತುಂಬುವುದು, ಇವುಗಳಲ್ಲಿ ಯಾವುದಾದರೂ ಒಂದು ವರ್ಷದೊಳಗೆ ಹೊಸದಾಗಿ ಶುರುವಾಗಿ, ತಿಂಗಳಲ್ಲಿ 12 ದಿನಕ್ಕಿಂತ ಜಾಸ್ತಿ ಕಾಡಿದರೆ ಅಂಡಾಶಯದ ಕಡೆ ನೋಡಬೇಕು ಅನ್ನುತ್ತದೆ ಅದು. ಮೊದಲ ಸಲ ಕಾಯಿಲೆ ಹುಡುಕುವುದಕ್ಕೆ ಮಾಡಿದ್ದು, ಮರಳಿದ್ದನ್ನು ಪತ್ತೆ ಮಾಡಲು ಅಲ್ಲ. ಆದರೂ ಏನನ್ನು ಲೆಕ್ಕ ಇಡಬೇಕು ಅನ್ನುವುದಕ್ಕೆ ನಮಗೆ ದಾರಿಯಾಯಿತು.

ಆಮೇಲೆ ಒಂದೇ ಒಂದು ಪುಟ ಸಿದ್ಧ ಮಾಡಿದೆ. ಡಾಕ್ಟರಿಗೆ ಬೇಗ ಓದಲು ಆಗಲಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಎಲ್ಲಕ್ಕಿಂತ ಮೇಲೆ ಕಾಯಿಲೆಯ ಹೆಸರು ಮತ್ತು ಹಂತ. ಅದರ ಕೆಳಗೆ ಆಪರೇಷನ್ ಯಾವಾಗ, ಕೊನೆಯ ಕೀಮೋ ಯಾವಾಗ. ಅದರ ಕೆಳಗೆ ಸಿಎ-125ರ ನಾಲ್ಕು ಅಂಕಿ, ತಾರೀಖಿನ ಜೊತೆ. ನಂತರ ಯಾವ ತಿಂಗಳಿಂದ ಏನು ಹೊಸದು, ಸೊಂಟದ ಅಳತೆ, ಇಲ್ಲಿಯವರೆಗೆ ಕೊಟ್ಟ ಮಾತ್ರೆ, ಅದರಿಂದ ಆದದ್ದು ಏನೂ ಇಲ್ಲ ಅನ್ನುವುದು. ಕೊನೆಯಲ್ಲಿ ಒಂದೇ ಪ್ರಶ್ನೆ: ಇದು ಕ್ಯಾನ್ಸರ್ ಮರಳಿದ್ದಲ್ಲ ಎಂದು ಯಾವ ಪರೀಕ್ಷೆಯಿಂದ ಖಚಿತವಾಗುತ್ತದೆ?

ಭಯ, ಅನುಮಾನ, ನೆಟ್ಟಿನಲ್ಲಿ ಓದಿದ್ದು, ಪಕ್ಕದ ಮನೆಯವರಿಗೆ ಆದದ್ದು, ಇವನ್ನೆಲ್ಲ ಬೇಕೆಂದೇ ಹೊರಗಿಟ್ಟೆ. ಡಾಕ್ಟರು ಒಮ್ಮೆ ‘ಇವರಿಗೆ ಭಯ’ ಎಂದು ತೀರ್ಮಾನಿಸಿದ ಮೇಲೆ, ಭಯದ ದನಿಯಲ್ಲಿ ಹೇಳಿದ್ದೆಲ್ಲ ಆ ತೀರ್ಮಾನವನ್ನೇ ಗಟ್ಟಿ ಮಾಡುತ್ತದೆ.

ಕಾಗದ ಜೋಡಿಸುವಾಗ ಇನ್ನೊಂದು ಸಿಕ್ಕಿತು. ಬೆಂಗಳೂರಿನ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಹಾಳೆಯಲ್ಲಿ, ಹೊಟ್ಟೆ ಉಬ್ಬಿದರೆ, ಊಟ ಸೇರದಿದ್ದರೆ ತಡ ಮಾಡದೆ ತಿಳಿಸಿ ಎಂದು ಅಚ್ಚು ಹಾಕಿದ್ದರು. ಕೆಳಗೆ ಅಲ್ಲಿನ ನರ್ಸ್ ಫೋನ್ ನಂಬರ್. ಫೈಲು ಬೀರುವಿನೊಳಗೆ ಸೀರೆಗಳ ಕೆಳಗೆ ಭದ್ರವಾಗಿತ್ತು. ಫೈಲ್ ಕಳೆದುಕೊಂಡವರು ಆಸ್ಪತ್ರೆಯಿಂದ ನಕಲು ಕೇಳಬಹುದು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ.

ಮತ್ತೆ ಡಾಕ್ಟರ ಮುಂದೆ

ಸೀದಾ ಬೆಂಗಳೂರಿಗೆ ಹೋಗಿಬಿಡಬಹುದಿತ್ತಲ್ಲ ಅಂತ ಅನ್ನಿಸಬಹುದು. ಹೋಗಬಹುದಿತ್ತು, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಬೇರೆ ಡಾಕ್ಟರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಅದಿದೆ, ಜಾರಿಗೆ ತನ್ನಿ ಎಂದು ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ರಾಜ್ಯಗಳಿಗೆ ಬರೆದಿದೆ. ಆದರೆ ಭಾವ ಒಪ್ಪಲಿಲ್ಲ. “ಅವರನ್ನ ಕೇಳದೆ ಹೋದ್ರೆ ಬೇಜಾರು ಮಾಡ್ಕೋತಾರೆ. ನಾಳೆ ರಾತ್ರಿ ಏನಾದ್ರೂ ಆದ್ರೆ ಬಾಗಿಲು ತಟ್ಟೋದು ಅವರ ಮನೇದೇ ಅಲ್ವಾ” ಅಂದರು. ನಗರದಲ್ಲಿರುವವರಿಗೆ ಇದು ಅಂಜಿಕೆ ಅನ್ನಿಸಬಹುದು. ಹತ್ತಿರದಲ್ಲಿ ಬೇರೆ ಡಾಕ್ಟರಿಲ್ಲದ ಊರಿನಲ್ಲಿ ಅದು ಲೆಕ್ಕಾಚಾರ, ಅದನ್ನು ನಾನು ಗೌರವಿಸುತ್ತೇನೆ.

ಹೋಗುವ ಮುಂಚೆ ಎರಡು ವಿಷಯ ಮಾತಾಡಿಕೊಂಡೆವು. ಒಳಗೆ ಅಕ್ಕನೇ ಮಾತಾಡಬೇಕು, ಭಾವ ಹೊರಗೆ ಕೂರಬೇಕು, ನಾನು ಪುಟ ಹಿಡಿದುಕೊಂಡು ಪಕ್ಕದಲ್ಲಿರಬೇಕು. ಇನ್ನೊಂದು, ವಾಂತಿ ನಿಲ್ಲದಿದ್ದರೆ, ಮಲವೂ ಗಾಳಿಯೂ ಹೋಗದಿದ್ದರೆ, ಒಂದು ಕಾಲು ಮಾತ್ರ ಊದಿಕೊಂಡರೆ, ಉಸಿರು ಕಟ್ಟಿದರೆ, ಯಾರನ್ನೂ ಕೇಳದೆ ಆ ಕ್ಷಣವೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಮೊದಲ ಎರಡು ಕರುಳು ಕಟ್ಟಿಕೊಂಡಿರುವ ಸೂಚನೆ, ಕೊನೆಯ ಎರಡು ರಕ್ತ ಹೆಪ್ಪುಗಟ್ಟಿರುವ ಸೂಚನೆ.

ಡಾಕ್ಟರು ಮೊದಲು ಪುಟ ಪಕ್ಕಕ್ಕಿಟ್ಟರು. “ಏನಮ್ಮಾ, ಇನ್ನೂ ಕಡಿಮೆ ಆಗಿಲ್ವಾ?” ಅಂದರು.

ಅಕ್ಕ ಮನೆಯಲ್ಲಿ ಹೇಳಿಕೊಂಡದ್ದನ್ನೇ ಹೇಳಿದಳು. “ಇಲ್ಲ ಡಾಕ್ಟ್ರೇ. ಮಾತ್ರೆ ಒಂದೂ ತಪ್ಪಿಸಿಲ್ಲ. ಒಂದು ಕಡುಬು ತಿಂದ್ರೆ ಹೊಟ್ಟೆ ತುಂಬುತ್ತೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತೀನಿ. ಮೊದಲ ಸಲ ಕ್ಯಾನ್ಸರ್ ಬಂದಾಗ್ಲೂ ಹೀಗೇ ಶುರುವಾಗಿತ್ತು.”

ಅವರು ಎಂಡೋಸ್ಕೋಪಿ ಮಾಡಿಸೋಣ ಅಂದರು. ನಾನು ಸಿಎ-125ರ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: “ಡಾಕ್ಟ್ರೇ, ನೀವು ಹೇಳಿದ ಹಾಗೆ ಗ್ಯಾಸೇ ಇರಬಹುದು. ಆದ್ರೆ ಏಳಿದ್ದದ್ದು ಇಪ್ಪತ್ತೇಳಾಗಿದೆ. ಹೊಟ್ಟೆ ಒಂದೂವರೆ ಇಂಚು ಬೆಳೆದಿದೆ. ಒಂದು ಸಲ ಮಲಗಿಸಿ ಹೊಟ್ಟೆ ನೋಡ್ತೀರಾ?”

ಅಲ್ಲಿಯವರೆಗೆ ಒಂದು ಸಲವೂ ಅವರು ಅವಳ ಹೊಟ್ಟೆ ಮುಟ್ಟಿ ನೋಡಿರಲಿಲ್ಲ. ಹೊರಗೆ ಜನ ತುಂಬಿರುತ್ತಾರೆ, ಸೀರೆ ಉಟ್ಟ ಹೆಂಗಸನ್ನು ಮಲಗಿಸಿ ನೋಡಲು ನರ್ಸ್ ಬೇಕು, ಹೊತ್ತು ಬೇಕು. ಅವತ್ತು ನರ್ಸನ್ನು ಕರೆದರು. ಮಲಗಿಸಿ ಬೆರಳಿನಿಂದ ಬಡಿದು ನೋಡಿದರು, ಮಗ್ಗುಲಿಗೆ ತಿರುಗಿಸಿ ಮತ್ತೆ ಬಡಿದರು. ನೀರಿದ್ದರೆ ಮಗ್ಗುಲು ಬದಲಿಸಿದಾಗ ಶಬ್ದದ ಜಾಗವೂ ಬದಲಾಗುತ್ತದೆ. ಎರಡು ಸಲ ಹಾಗೆ ಮಾಡಿ ಕೈ ತೊಳೆದು ಬಂದು ಕೂತರು. ಪುಟವನ್ನು ಎತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. “ನೀರಿರೋ ಹಾಗಿದೆ. ಬೆಂಗಳೂರಿಗೆ ಹೋಗಿ” ಅಂದರು.

‘ಪರೀಕ್ಷೆ ಬೇಡ ಅಂತ ನೀವೇ ಬರೆದುಕೊಡಿ ಎಂದು ಡಾಕ್ಟರಿಗೆ ಹೇಳಿ’ ಅನ್ನುವ ಸಲಹೆಯನ್ನು ತುಂಬಾ ಜನ ಕೊಡುತ್ತಾರೆ. ಕೆಲವು ಕಡೆ ಅದು ಕೆಲಸ ಮಾಡುತ್ತದೆ. ಕೊನೆಯ ಅಸ್ತ್ರವಾಗಿ ಅದು ನನ್ನ ಮನಸ್ಸಿನಲ್ಲೂ ಇತ್ತು. ಆದರೆ ನಮ್ಮ ಕಡೆ ಆ ಮಾತು ಬೆದರಿಕೆಯ ಹಾಗೆ ಕೇಳುತ್ತದೆ. ಬೆದರಿಕೆ ಅನ್ನಿಸಿದ ಮೇಲೆ ಡಾಕ್ಟರು ರೋಗಿಯನ್ನು ಬಿಟ್ಟು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. ಬದಲಿಗೆ ನಾನು, “ನಿಮ್ಮ ಕೈಯಲ್ಲೇ ಒಂದು ರೆಫರಲ್ ಬರೆದುಕೊಡಿ ಡಾಕ್ಟ್ರೇ, ಅಲ್ಲಿ ಬೇಗ ನೋಡ್ತಾರೆ” ಅಂದೆ. ಅವರು ಚೆನ್ನಾಗಿಯೇ ಬರೆದರು. ಅಂಡಾಶಯದ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದವರು, ಹೊಟ್ಟೆಯಲ್ಲಿ ನೀರು, ಮರಳಿರುವ ಅನುಮಾನ, ಬೇಗ ನೋಡಿ. ವಾದದಲ್ಲಿ ಗೆಲ್ಲುವುದು ನಮಗೆ ಬೇಕಿರಲಿಲ್ಲ. ಬೇಕಿದ್ದದ್ದು ಈ ನಾಲ್ಕು ಸಾಲು.

ಬೆಂಗಳೂರಿನಲ್ಲಿ

ಡಿಸ್ಚಾರ್ಜ್ ಸಮ್ಮರಿಯಲ್ಲಿದ್ದ ನಂಬರ್‌ಗೆ ಫೋನ್ ಮಾಡಿ ರೆಫರಲ್ ಓದಿ ಹೇಳಿದ್ದರಿಂದ ಆ ವಾರವೇ ಸಮಯ ಸಿಕ್ಕಿತು. ಕಿಡ್ನಿ ಸರಿ ಇದೆಯೇ ಎಂದು ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ, ಚಿತ್ರ ಸ್ಪಷ್ಟವಾಗಲು ಕಾಂಟ್ರಾಸ್ಟ್ ಔಷಧಿ ಕೊಟ್ಟು ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ ಮಾಡಿದರು. ಹೊಟ್ಟೆಯಲ್ಲಿ ನೀರಿತ್ತು, ಒಳಪದರದ ಮೇಲೆ ಹಲವು ಕಡೆ ಗಂಟುಗಳಿದ್ದವು. ನೀರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಕಣಗಳು ಸಿಕ್ಕವು. ನೀರು ತೆಗೆದ ಆ ಸಂಜೆ ಅಕ್ಕ ಹೊಟ್ಟೆ ತುಂಬಾ ಮೊಸರನ್ನ ತಿಂದಳು.

ಮೊದಲೇ ಗೊತ್ತಾಗಿದ್ದರೆ ಅಂತ ಭಾವ ಕೇಳಿದರು. ಅಲ್ಲಿನ ಡಾಕ್ಟರು ಕೊಟ್ಟ ಉತ್ತರವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಯುರೋಪಿನಲ್ಲಿ ನಡೆದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನವಿದೆ. 529 ಮಹಿಳೆಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸಿಎ-125 ಏರಿದ ಕೂಡಲೇ ಕೀಮೋ, ಇನ್ನೊಂದಕ್ಕೆ ಲಕ್ಷಣ ಕಂಡಾಗ ಕೀಮೋ. ಬದುಕಿದ ಅವಧಿಯಲ್ಲಿ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಅಂಕಿ ಏರಿದ ದಿನವೇ ಕೀಮೋ ಶುರು ಮಾಡಿದ್ದರೆ ಅಕ್ಕನಿಗೆ ಇಷ್ಟು ವರ್ಷ ಸಿಗುತ್ತಿತ್ತು ಎಂದು ಯಾರೂ ಹೇಳಲಾರರು. ಆ ಭಾರವನ್ನು ಭಾವ ಹೊರಬೇಕಾಗಿಲ್ಲ.

ಆದರೆ ಅದೇ ಅಧ್ಯಯನವನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಅಂಕಿಗೆ ಚಿಕಿತ್ಸೆ ಬೇಡ, ಲಕ್ಷಣ ಬಂದಾಗ ಕೊಡಿ ಅನ್ನುವುದು ಅದರ ಪಾಠವಾದರೆ, ಲಕ್ಷಣ ಹೇಳಿದವಳ ಮಾತು ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಅವಳ ಮಾತನ್ನು ಟೆನ್ಷನ್ ಎಂದು ತಳ್ಳಿಹಾಕಿದರೆ ಇಡೀ ಏರ್ಪಾಡೇ ಕುಸಿಯುತ್ತದೆ. ತಡವಾದಷ್ಟು ದಿನ ಅಕ್ಕ ಊಟವಿಲ್ಲದೆ, ನಿದ್ದೆಯಿಲ್ಲದೆ ಸೊರಗಿದಳು, ಕೀಮೋ ತಡೆದುಕೊಳ್ಳುವ ಶಕ್ತಿ ಕಡಿಮೆಯಾಯಿತು. ಕರುಳು ಕಟ್ಟಿಕೊಂಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಕೆಲವರಲ್ಲಿ ಕ್ಯಾನ್ಸರ್ ಒಂದೆರಡು ಕಡೆ ಮಾತ್ರ ಮರಳಿರುತ್ತದೆ. ಅಂಥವರನ್ನು ಆರಿಸಿ ಮತ್ತೆ ಆಪರೇಷನ್ ಮಾಡಿದರೆ ಆಯುಷ್ಯ ಹೆಚ್ಚುತ್ತದೆ ಎಂದು 2021ರಲ್ಲಿ ಪ್ರಕಟವಾದ ಡೆಸ್ಕ್‌ಟಾಪ್-3 ಅಧ್ಯಯನ ತೋರಿಸಿದೆ. ಅಕ್ಕನಿಗೆ ಹಲವು ಕಡೆ ಇದ್ದದ್ದರಿಂದ ಅದು ಆಗಲಿಲ್ಲ.

ಕೊನೆಯ ಕೀಮೋ ಆಗಿ ಆರು ತಿಂಗಳಿಗಿಂತ ಜಾಸ್ತಿ ಆಗಿದ್ದದ್ದರಿಂದ ಕಾರ್ಬೋಪ್ಲಾಟಿನ್ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ ಅಂದರು. ಕಾಲಿನ ಜೋಮು ಹೆಚ್ಚಬಾರದೆಂದು ಪ್ಯಾಕ್ಲಿಟ್ಯಾಕ್ಸೆಲ್ ಬಿಟ್ಟು ಲೈಪೋಸೋಮಲ್ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕೀಮೋ ಔಷಧಿಯನ್ನು ಜೊತೆಗೆ ಕೊಡುತ್ತಿದ್ದಾರೆ. ಕಾರ್ಬೋಪ್ಲಾಟಿನ್ ಎರಡನೇ ಸುತ್ತಿನಲ್ಲಿ ಅಲರ್ಜಿ ಆಗುವ ಸಂಭವ ಜಾಸ್ತಿ, ಅದಕ್ಕೆ ನರ್ಸ್ ಪಕ್ಕದಲ್ಲೇ ಇರುತ್ತಾರೆ. ಸೊಂಟದ ಅಳತೆ ಈಗ 34. ಬೆಳಗ್ಗೆ ಎರಡು ಕಡುಬು ಸೇರುತ್ತಿದೆ.

ಊರಿನ ಡಾಕ್ಟರು ಬಿಪಿ, ಸಕ್ಕರೆ ನೋಡುತ್ತಲೇ ಇದ್ದಾರೆ. ಕೀಮೋ ನಡುವಿನ ರಕ್ತಪರೀಕ್ಷೆಯೂ ಅವರ ಹತ್ತಿರವೇ ಆಗುತ್ತದೆ, ರಿಪೋರ್ಟನ್ನು ಅವರೇ ಬೆಂಗಳೂರಿಗೆ ವಾಟ್ಸಾಪ್ ಮಾಡುತ್ತಾರೆ. ಹಳೆಯದರ ಬಗ್ಗೆ ಅವರೂ ಮಾತಾಡಿಲ್ಲ, ನಾವೂ ಎತ್ತಿಲ್ಲ. ಆದರೆ ಅಕ್ಕನಿಗೆ ಬರೆಯುವ ಪ್ರತಿ ಚೀಟಿಯ ಮೇಲ್ಭಾಗದಲ್ಲಿ ಈಗ ಕಾಯಿಲೆಯ ಹೆಸರು ಇರುತ್ತದೆ, ಪ್ರಶ್ನೆಯನ್ನು ಅವಳನ್ನೇ ನೋಡಿ ಕೇಳುತ್ತಾರೆ.

ಒಂದು ಕೆಲಸ ಬಾಕಿ ಇದೆ. ಈ ಬಗೆಯ ಕ್ಯಾನ್ಸರ್ ಇರುವ ಎಲ್ಲರಿಗೂ ಬಿಆರ್‌ಸಿಎ ಜೀನ್ ಪರೀಕ್ಷೆ ಆಗಬೇಕು, ಈ ಜೀನಿನ ದೋಷ ಮನೆತನದಲ್ಲಿ ಹರಿದು ಬರಬಹುದು. ಅಕ್ಕನಿಗೆ ಮೊದಲ ಸಲ ಆಗಿರಲಿಲ್ಲ, ಈಗ ರಕ್ತ ಕೊಟ್ಟಿದ್ದೇವೆ. ದೋಷ ಇದೆ ಎಂದು ಬಂದರೆ ಕೀಮೋ ಮುಗಿದ ಮೇಲೆ ಕಾಯಿಲೆಯನ್ನು ಹತೋಟಿಯಲ್ಲಿಡುವ ಓಲಾಪರಿಬ್‌ನಂಥ ಮಾತ್ರೆ ಶುರು ಮಾಡಬಹುದು, ಅವಳ ಮಗಳೂ ನಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ರಿಪೋರ್ಟ್ ಇನ್ನೂ ಬಂದಿಲ್ಲ.